ಎನ್ನೆಸ್ಸೆಸ್ ಶಿಬಿರಕ್ಕೆ ಘಟಕ ನಾಯಕಿ ಆಗಿದ್ದೇನೆ. ಏಳು ದಿನ, ಐವತ್ತು ಜನ. ಎಲ್ಲಿಂದ ಶುರು ಮಾಡಲಿ?

ಬಿಕಾಂ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬಿಕಾಂ ಎರಡನೇ ವರ್ಷ. ಮುಂದಿನ ತಿಂಗಳು ನಮ್ಮ ಕಾಲೇಜಿನ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ವಾರ್ಷಿಕ ವಿಶೇಷ ಶಿಬಿರ ಇದೆ. ತಾಲ್ಲೂಕು ಕೇಂದ್ರದಿಂದ ಸ್ವಲ್ಪ ಒಳಗಿರುವ ಹಳ್ಳಿ, ಉಳಿಯುವುದು ಸರ್ಕಾರಿ ಶಾಲೆಯಲ್ಲಿ. 28 ಹುಡುಗರು, 22 ಹುಡುಗಿಯರು. ಘಟಕ ನಾಯಕಿ ಅಂತ ನನ್ನ ಹೆಸರು ಬರೆದುಬಿಟ್ಟಿದ್ದಾರೆ. ಕಳೆದ ವರ್ಷ ಹೋಗಿದ್ದು ಬರೀ ಶಿಬಿರಾರ್ಥಿಯಾಗಿ. ಹಾಡು, ಚಪ್ಪಾಳೆ, ಊಟ, ನಿದ್ದೆ, ಅಷ್ಟೇ ನೆನಪು.

ಕಾರ್ಯಕ್ರಮದ ಪಟ್ಟಿ ಸರ್ ಕೊಟ್ಟಿದ್ದಾರೆ. ಬೆಳಿಗ್ಗೆ 5.30ಕ್ಕೆ ಏಳುವುದು, ಪ್ರಭಾತಫೇರಿ, ಧ್ವಜಾರೋಹಣ, ತಿಂಡಿ, ಶ್ರಮದಾನ, ಊಟ, ಉಪನ್ಯಾಸ, ಆಟ, ಸಾಂಸ್ಕೃತಿಕ ಕಾರ್ಯಕ್ರಮ. ಅದು ಅರ್ಥ ಆಯಿತು. ಆದರೆ ನಾಯಕಿ ಅಂದವಳು ನಿಜವಾಗಿ ಏನು ಮಾಡಬೇಕು? ನನ್ನ ಕ್ಲಾಸಿನ ಹುಡುಗರೇ ನನ್ನ ಮಾತು ಕೇಳುತ್ತಾರಾ? ಫೋನ್ ಕಿತ್ತಿಡಬೇಕಾ? ಹುಡುಗಿಯರ ಸ್ನಾನ, ರಾತ್ರಿ ಮಲಗುವುದು, ಇದೆಲ್ಲ ತಲೆಯಲ್ಲಿ ಓಡುತ್ತಿದೆ. ಮಾಡಿದವರು ಹೇಳಿ ಪ್ಲೀಸ್.

ಸುಮ್ನೆ ಬಂದೆ

ಮೊದಲ ದಿನ ನೀವು ನಾಯಕಿ. ಮೂರನೇ ದಿನದಿಂದ ನೀವು ಬಕೆಟ್ ಎಲ್ಲಿದೆ ಅಂತ ಹೇಳುವವರು. ಅಭಿನಂದನೆಗಳು.

ಹಳೇ ಸಲಿಕೆ

ಮೇಲಿನವರು ತಮಾಷೆ ಮಾಡಿದ್ದಾರೆ, ಆದರೆ ಹೇಳಿದ್ದು ನಿಜ. ನಾನು ಕಾಲೇಜಿನಲ್ಲಿ ನಾಯಕ ಆಗಿದ್ದೆ, ಆಮೇಲೆ ಹಳೇ ವಿದ್ಯಾರ್ಥಿಯಾಗಿ ಶಿಬಿರಗಳಿಗೆ ಸಹಾಯಕ್ಕೆ ಹೋಗುತ್ತಿರುತ್ತೇನೆ. ಒಂದು ಮಾತು ತಂಗಿ. ಪಟ್ಟಿಯಲ್ಲಿ ಬರೆದಿರುವ ಹೊತ್ತೆಲ್ಲ ಸರ್‌ದು. ಬರೆಯದೇ ಇರುವ ಹೊತ್ತು ನಿನ್ನದು. ತಿಂಡಿ ಮುಗಿದು ಶ್ರಮದಾನಕ್ಕೆ ಹೊರಡುವ ಮುಂಚಿನ ಇಪ್ಪತ್ತು ನಿಮಿಷ, ಊಟಕ್ಕೆ ಸಾಲು ನಿಲ್ಲುವ ಹೊತ್ತು, ಸ್ನಾನದ ಸರದಿ, ದೀಪ ಆರಿಸಿದ ಮೇಲಿನ ಒಂದು ಗಂಟೆ. ಜಗಳ, ಅಳು, ಗಾಯ, ಪ್ರೇಮ ಎಲ್ಲ ಹುಟ್ಟುವುದು ಅಲ್ಲೇ. ಉಪನ್ಯಾಸ ನಡೆಯುವಾಗ ಯಾರಿಗೂ ಏನೂ ಆಗುವುದಿಲ್ಲ, ನಿದ್ದೆ ಬಿಟ್ಟರೆ.

ತಂಡ ಮಾಡುವಾಗ ಗೆಳೆಯರನ್ನು ಒಂದೇ ತಂಡಕ್ಕೆ ಹಾಕಬೇಡ. ಐದು ತಂಡ, ತಂಡಕ್ಕೆ ಹತ್ತು ಜನ, ಹುಡುಗ ಹುಡುಗಿ ಇಬ್ಬರೂ ಇರಲಿ. ನದಿಗಳ ಹೆಸರು ಇಡುವುದು ಎಲ್ಲ ಕಡೆ ವಾಡಿಕೆ, ಕಾವೇರಿ, ತುಂಗಾ, ಶರಾವತಿ ಅಂತ. ದಿನಕ್ಕೊಂದು ತಂಡ ಅಡುಗೆಗೆ, ಒಂದು ಬಡಿಸುವುದಕ್ಕೆ, ಒಂದು ಶೌಚಾಲಯ ಮತ್ತು ಅಂಗಳ ಸ್ವಚ್ಛತೆಗೆ, ಒಂದು ವೇದಿಕೆಗೆ, ಒಂದು ನೀರಿಗೆ. ಈ ಸರದಿಯನ್ನು ದೊಡ್ಡ ಹಾಳೆಯಲ್ಲಿ ಬರೆದು ಮೊದಲ ದಿನವೇ ಗೋಡೆಗೆ ಅಂಟಿಸಿಬಿಡು. ಆಮೇಲೆ ನೀನು ಯಾರಿಗೂ "ಮಾಡು" ಅನ್ನಬೇಕಾಗಿಲ್ಲ. ಹಾಳೆ ತೋರಿಸಿದರೆ ಸಾಕು. ಹುಡುಗರು ನಿನ್ನ ಮಾತು ಕೇಳದೇ ಇರಬಹುದು, ಹಾಳೆಯ ಜೊತೆ ವಾದ ಮಾಡುವುದು ಕಷ್ಟ.

ಶೌಚಾಲಯ ತೊಳೆಯುವ ಸರದಿ ಮೊದಲ ದಿನ ನಿನ್ನ ತಂಡದ್ದೇ ಆಗಿರಲಿ. ಇದಕ್ಕೆ ಕಾರಣ ಕೇಳಬೇಡ, ಮಾಡಿ ನೋಡು.

ಪಿಒ ಮೇಷ್ಟ್ರು

ನಾನು ಕೆಲವು ವರ್ಷ ಕಾರ್ಯಕ್ರಮ ಅಧಿಕಾರಿ ಆಗಿದ್ದವನು. ಹಳೇ ಸಲಿಕೆ ಹೇಳಿದ್ದು ಸರಿ, ಆದರೆ ಅದಕ್ಕೂ ಮುಂಚಿನ ಕೆಲಸ ಬಿಟ್ಟುಹೋಗಿದೆ. ಶಿಬಿರದ ಹದಿನೈದು ದಿನ ಮುಂಚೆ ನಿಮ್ಮ ಸರ್ ಜೊತೆ ನೀನೂ ಇನ್ನಿಬ್ಬರೂ ಆ ಊರಿಗೆ ಹೋಗಿ ಬನ್ನಿ. ಶಾಲೆಯ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು, ಗ್ರಾಮ ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆ, ಇವರನ್ನು ಭೇಟಿ ಮಾಡಿ. ಬಾವಿಯೋ ಬೋರೋ, ಕರೆಂಟು ಎಷ್ಟು ಹೊತ್ತು ಇರುತ್ತೆ, ಶೌಚಾಲಯ ಎಷ್ಟು, ಬಾಗಿಲಿಗೆ ಚಿಲಕ ಇದೆಯಾ, ಎಲ್ಲ ಕಣ್ಣಾರೆ ನೋಡಿ. ಚಿಲಕ ಅಂದೆ ಅಂತ ನಗಬೇಡಿ. ಅರ್ಧ ಶಾಲೆಗಳಲ್ಲಿ ಇರುವುದಿಲ್ಲ. ಒಂದು ಸುತ್ತಿಗೆ, ನಾಲ್ಕು ಚಿಲಕ, ಮೊಳೆ ಜೊತೆಗೇ ಒಯ್ಯಿರಿ.

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಸ್ಥಳೀಯ ಠಾಣೆಗೂ ಶಿಬಿರದ ದಿನಾಂಕ, ಸಂಖ್ಯೆ ಬರೆದು ಪತ್ರ ಕೊಡಿಸಿ. ಪೋಷಕರ ಒಪ್ಪಿಗೆ ಪತ್ರದಲ್ಲಿ ಅಲರ್ಜಿ, ಆಸ್ತಮಾ, ಫಿಟ್ಸ್, ದಿನಾ ತಗೊಳ್ಳುವ ಮಾತ್ರೆ ಇವುಗಳಿಗೆ ಜಾಗ ಇರಲಿ. ಅದರ ಒಂದು ನಕಲು ನಾಯಕಿಯ ಬ್ಯಾಗಲ್ಲಿರಬೇಕು. ಸರ್ ಕಾರಲ್ಲಿ ತಾಲ್ಲೂಕಿಗೆ ಹೋದಾಗಲೇ ಯಾರಿಗೋ ಫಿಟ್ಸ್ ಬರುವುದು.

ಹುಡುಗಿಯರು ಇರುವ ಶಿಬಿರದಲ್ಲಿ ರಾತ್ರಿ ಒಬ್ಬರಾದರೂ ಮಹಿಳಾ ಅಧ್ಯಾಪಕಿ ಉಳಿಯಲೇಬೇಕು. "ಮೇಡಂ ಸಂಜೆ ಹೋಗಿ ಬೆಳಿಗ್ಗೆ ಬರುತ್ತಾರೆ" ಅಂದರೆ ಒಪ್ಪಬೇಡ. ಇದನ್ನು ಪ್ರಿನ್ಸಿಪಾಲರ ಹತ್ತಿರ ಈಗಲೇ ಕೇಳು, ಹೊರಡುವ ದಿನ ಅಲ್ಲ.

ಬಿಕಾಂ ಹುಡುಗಿ

ಸರ್, ಮೇಡಂ ವಿಷಯ ನಾಳೆಯೇ ಕೇಳುತ್ತೇನೆ. ಅಣ್ಣಾ, ಶೌಚಾಲಯದ ಮಾತು ಓದಿ ಅಮ್ಮ ನಗುತ್ತಿದ್ದಾರೆ, "ಮನೇಲಿ ಒಂದು ದಿನ ತೊಳೆದಿದ್ದೀಯಾ" ಅಂತ.

ಊರಿನವನು

ನಾನು ಶಿಬಿರ ಮಾಡಿದವನಲ್ಲ, ನಮ್ಮೂರಲ್ಲಿ ಮಾಡಿಸಿಕೊಂಡವನು. ಆ ಕಡೆಯಿಂದ ಎರಡು ಮಾತು ಹೇಳುತ್ತೇನೆ, ಬೇಜಾರಾಗಬೇಡಿ.

ಒಂದು ಕಾಲೇಜಿನವರು ಬಂದು ಗುಡ್ಡದ ಮೇಲೆ ಇಂಗುಗುಂಡಿ ತೋಡಿದರು. ಇಳಿಜಾರಿಗೆ ಅಡ್ಡವಾಗಿ ತೋಡಬೇಕಾದ್ದನ್ನು ಉದ್ದಕ್ಕೆ ತೋಡಿದರು. ಮುಂಗಾರಿನ ಮೊದಲ ಜೋರು ಮಳೆಗೆ ಅವೇ ಕಾಲುವೆ ಆಗಿ ಮಣ್ಣೆಲ್ಲ ಕೆಳಗಿನ ರಾಗಿ ಹೊಲಕ್ಕೆ ಬಂತು. ಇನ್ನೊಂದು ಕಾಲೇಜಿನವರು ಫೆಬ್ರವರಿಯಲ್ಲಿ ಗಿಡ ನೆಟ್ಟರು. ಫೆಬ್ರವರಿ! ಬ್ಯಾನರ್ ಕಟ್ಟಿ ಫೋಟೋ ತೆಗೆದು ಹೋದರು. ಬೇಸಿಗೆಯಲ್ಲಿ ನೀರು ಹಾಕುವವರು ಯಾರು? ಯುಗಾದಿ ಹೊತ್ತಿಗೆ ಕಡ್ಡಿ ಉಳಿದಿತ್ತು.

ಶ್ರಮದಾನ ಏನು ಮಾಡಬೇಕು ಅಂತ ಊರವರನ್ನು ಕೇಳಿ. ಅಧ್ಯಕ್ಷರನ್ನು ಮಾತ್ರ ಕೇಳಿದರೆ ಅವರ ಮನೆ ಮುಂದಿನ ಚರಂಡಿ ತೋರಿಸುತ್ತಾರೆ. ಹೆಂಗಸರನ್ನು ಕೇಳಿ, ನೀರಿಗೆ ಹೋಗುವ ದಾರಿ ತೋರಿಸುತ್ತಾರೆ.

ಹಳೇ ಸಲಿಕೆ

ಈ ಪೆಟ್ಟು ನಮಗೆ ಬೇಕಿತ್ತು. ಕೊನೆಯ ಸಾಲನ್ನು ಎಲ್ಲ ಅಧಿಕಾರಿಗಳಿಗೂ ಕಳಿಸಬೇಕು.

ಪಿಒ ಮೇಷ್ಟ್ರು

ಒಪ್ಪಿದೆ, ಆದರೆ ನಮ್ಮ ಕಷ್ಟವೂ ಇದೆ. ಪರೀಕ್ಷೆ, ರಜೆ ನೋಡಿಕೊಂಡು ಶಿಬಿರ ಇಡುವುದರಿಂದ ಬಹಳಷ್ಟು ಕಡೆ ಅದು ಬೇಸಿಗೆಗೇ ಬೀಳುತ್ತದೆ. ಹಾಗಾಗಿ ಗಿಡದ ಬದಲು ಬೇಸಿಗೆಗೆ ಹೊಂದುವ ಕೆಲಸ ಹಿಡಿಯುವುದು ಜಾಣತನ. ಕಲ್ಯಾಣಿಯ ಹೂಳು ಎತ್ತುವುದು, ಶಾಲೆ ಗೋಡೆಗೆ ಸುಣ್ಣ ಬಣ್ಣ, ಕಾಲುದಾರಿಗೆ ಮಣ್ಣು ಹಾಕುವುದು, ಚರಂಡಿ. ಐವತ್ತು ಜನ ಒಂದೇ ಕೆಲಸಕ್ಕೆ ನಾಲ್ಕೈದು ದಿನ ಬಿದ್ದರೆ ಕಣ್ಣಿಗೆ ಕಾಣುವ ಹಾಗೆ ಏನಾದರೂ ಉಳಿಯುತ್ತದೆ. ದಿನಕ್ಕೊಂದು ಕೆಲಸ ಅಂದರೆ ಏಳು ಅರ್ಧಂಬರ್ಧ. ಸರ್ವೆ ಮಾಡಿಸುವುದಾದರೆ ಸಂಜೆ ಮಾಡಿಸಿ, ಹಗಲು ಹೊಲಕ್ಕೆ ಹೋದವರು ಮನೆಯಲ್ಲಿ ಇರುವುದಿಲ್ಲ.

ಕೇರಿಯಿಂದ

ಊರಿನವನು ಅಣ್ಣ ಅರ್ಧ ಹೇಳಿದರು. ಇನ್ನರ್ಧ ನಾನು ಹೇಳುತ್ತೇನೆ.

ನಮ್ಮೂರಿಗೆ ಶಿಬಿರ ಬಂದಾಗ ನಾನು ಹೈಸ್ಕೂಲು. ಪ್ರಭಾತಫೇರಿ ದಿನಾ ದೇವಸ್ಥಾನದ ಬೀದಿಯಲ್ಲಿ ತಿರುಗಿ ಶಾಲೆಗೆ ವಾಪಸ್. ನಮ್ಮ ಕೇರಿಗೆ ಕೊನೆವರೆಗೂ ಬರಲಿಲ್ಲ. ಸಂಜೆ ನಾಟಕದಲ್ಲಿ ಮಾತ್ರ ಸಮಾನತೆ ಬಗ್ಗೆ ಜೋರಾಗಿ ಡೈಲಾಗ್ ಇತ್ತು. ನಾವು ಹಿಂದೆ ನಿಂತು ನೋಡಿದೆವು.

ತಂಗೀ, ನಾಯಕಿಯ ಕೈಯಲ್ಲಿ ಇರುವುದು ಇದು. ಮೆರವಣಿಗೆಯ ದಾರಿ ಯಾರು ಹಾಕುತ್ತಾರೆ? ನೀನೇ ಹಾಕು. ಮೊದಲ ದಿನವೇ ಕೇರಿಯಿಂದ ಶುರು ಮಾಡು. ಅಲ್ಲಿ ಯಾರಾದರೂ ಟೀ ಕೊಟ್ಟರೆ ಕುಡಿ. ನಿನ್ನ ಜೊತೆ ಬಂದವರಲ್ಲಿ ಯಾರು ಲೋಟ ಮುಟ್ಟುವುದಿಲ್ಲ ಅಂತ ಗೊತ್ತಾಗುತ್ತೆ, ಅದನ್ನೂ ನೋಡು. ಅಡುಗೆ ತಂಡದಲ್ಲಿ "ನೀನು ತರಕಾರಿ ಹೆಚ್ಚು, ಒಲೆ ಹತ್ರ ಬರಬೇಡ" ಅನ್ನೋ ಹಂಚಿಕೆ ತಾನಾಗೇ ಆಗುತ್ತಿದೆಯಾ ನೋಡು. ಗೋಡೆ ಮೇಲಿನ ಹಾಳೆಯಲ್ಲಿ ಇದು ಕಾಣಿಸುವುದಿಲ್ಲ.

ಸುಮ್ನೆ ಬಂದೆ

ತಮಾಷೆ ಮಾಡಲು ಬಂದಿದ್ದೆ, ಈಗ ಓದುತ್ತಾ ಕೂತಿದ್ದೇನೆ.

ಮೂರನೇ ಬೆಂಚು

ಎಲ್ಲದರಲ್ಲೂ ಜಾತಿ ತರಬೇಕಾ? ಶಿಬಿರದಲ್ಲಿ ಎಲ್ಲರೂ ಒಟ್ಟಿಗೇ ಕೂತು ಉಣ್ಣುತ್ತಾರಲ್ಲ.

ಕೇರಿಯಿಂದ

ಶಿಬಿರದ ಒಳಗೆ ಉಣ್ಣುತ್ತಾರೆ, ಒಪ್ಪುತ್ತೇನೆ. ನಾನು ಕೇಳಿದ್ದು ಶಿಬಿರ ಯಾವ ಬೀದಿಯಲ್ಲಿ ನಡೆಯಿತು ಅಂತ. ಎರಡೂ ಬೇರೆ ಪ್ರಶ್ನೆ.

ಹಳೇ ಪೇಪರ್

ಈ ಪ್ರಶ್ನೆ ಹಳೆಯದೇ. ಸ್ವಲ್ಪ ಇತಿಹಾಸ ಹೇಳಲಾ? ಬೇಡ ಅಂದರೂ ಹೇಳುತ್ತೇನೆ.

ಎನ್ನೆಸ್ಸೆಸ್ ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧಿ ಜನ್ಮಶತಾಬ್ದಿ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ. ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್. ಅವರು ಆಗ ನಮ್ಮ ಬಳ್ಳಾರಿಯ ಸಂಸದರು, ಆಮೇಲೆ ಬೆಂಗಳೂರಿನಲ್ಲಿ ಐಸೆಕ್ ಎಂಬ ಸಮಾಜ, ಅರ್ಥಶಾಸ್ತ್ರದ ಸಂಶೋಧನಾ ಸಂಸ್ಥೆ ಕಟ್ಟಿದವರು. ಅರ್ಥಶಾಸ್ತ್ರಜ್ಞರು ಶುರು ಮಾಡಿದ್ದಕ್ಕೋ ಏನೋ, ಎನ್ನೆಸ್ಸೆಸ್‌ನಲ್ಲಿ ಎಲ್ಲಕ್ಕೂ ಲೆಕ್ಕ ಇದೆ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಒಂದು ಏಳು ದಿನದ ಶಿಬಿರ. ಎದೆಗೆ ಹಾಕುವ ಬ್ಯಾಡ್ಜಿನ ಚಕ್ರ ಕೊನಾರ್ಕದ ರಥದ್ದು. ಅದರ ಎಂಟು ಅರಗಳು ದಿನದ 24 ಗಂಟೆಗೆ. ಯಾವ ಹೊತ್ತಿಗೂ ಸೇವೆಗೆ ಸಿದ್ಧ ಅಂತ ಅರ್ಥವಂತೆ. ಬೆಳಿಗ್ಗೆ 5.30ಕ್ಕೆ ಎಬ್ಬಿಸುವಾಗ ಇದನ್ನು ನೆನಪಿಸಿ, ಬೈಸಿಕೊಳ್ಳಿ.

ಅದಕ್ಕೂ ಮುಂಚೆ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದ್ದರು. ಮರುವರ್ಷ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕರಾಗಿ ದುಡಿದದ್ದು ಆ ದಳದವರು. ಅಷ್ಟು ದೊಡ್ಡ ಜನಸಂದಣಿಗೆ ನೀರು, ಊಟ, ಸ್ವಚ್ಛತೆ ಅಂದರೆ ಯೋಚಿಸಿ.

ಇನ್ನೊಬ್ಬರನ್ನು ಹೇಳದೆ ಬಿಡಲಾರೆ. ಎಸ್.ಎನ್. ಸುಬ್ಬರಾವ್, ದೇಶಕ್ಕೆಲ್ಲ "ಭಾಯೀಜಿ". ಹುಟ್ಟಿದ್ದು ಬೆಂಗಳೂರಿನಲ್ಲಿ 1929ರಲ್ಲಿ, ತೀರಿಕೊಂಡದ್ದು 2021ರಲ್ಲಿ. ಕ್ವಿಟ್ ಇಂಡಿಯಾ ಹೊತ್ತಿಗೆ ಹದಿಮೂರರ ಹುಡುಗ, ಆಗಲೇ ಬಂಧನಕ್ಕೆ ಒಳಗಾದವರು. ಮುಂದೆ ಚಂಬಲ್ ಕಣಿವೆಯ ಜೌರಾದಲ್ಲಿ ಆಶ್ರಮ ಮಾಡಿಕೊಂಡು ಕೂತರು. 1972ರಲ್ಲಿ ಜಯಪ್ರಕಾಶ ನಾರಾಯಣರ ಎದುರು ಡಕಾಯಿತರು ಬಂದೂಕು ಇಟ್ಟದ್ದು ಅಲ್ಲೇ. ಅವರ ಇಡೀ ಬದುಕು ಯುವ ಶಿಬಿರಗಳಲ್ಲೇ ಕಳೆಯಿತು. ಖಾದಿ ಚಡ್ಡಿ, ಖಾದಿ ಅಂಗಿ, ಬಾಯಲ್ಲಿ ಹಾಡು. ಬೇರೆ ಬೇರೆ ರಾಜ್ಯದ ಹುಡುಗರನ್ನು ಒಂದೆಡೆ ಸೇರಿಸುವುದೇ ಅವರ ಶಿಬಿರಗಳ ಉದ್ದೇಶ. ನಿನ್ನ ಐವತ್ತರಲ್ಲೂ ಬೀದರದವರು, ಕೊಡಗಿನವರು ಇದ್ದರೆ ಅವರವರ ಭಾಷೆಯಲ್ಲಿ ಒಂದು ಹಾಡು ಹೇಳಿಸು. ಡೀಜೆ ಹಾಕುವುದಕ್ಕಿಂತ ಚೆನ್ನಾಗಿರುತ್ತೆ.

ಮೂರನೇ ಬೆಂಚು

ಡೀಜೆ ಇಲ್ಲದ ಶಿಬಿರಕ್ಕೆ ಈಗ ಯಾರು ಬರುತ್ತಾರೆ ಸರ್?

ಹಳೇ ಪೇಪರ್

ಬರುತ್ತಾರೆ. 240 ಗಂಟೆಯ ಪ್ರಮಾಣಪತ್ರ ಬೇಕಲ್ಲ!

ಬಿಕಾಂ ಹುಡುಗಿ

ಇಷ್ಟೆಲ್ಲ ಗೊತ್ತಿರಲಿಲ್ಲ. ಪ್ರಭಾತಫೇರಿಯ ದಾರಿ ನಾನೇ ಹಾಕಿಕೊಡುತ್ತೇನೆ ಅಂತ ಸರ್‌ಗೆ ಹೇಳಿದೆ, "ಹಾಕಮ್ಮ" ಅಂದರು. ಮಹಿಳಾ ಅಧ್ಯಾಪಕಿ ವಿಷಯದಲ್ಲಿ ಕನ್ನಡ ಮೇಡಂ ಉಳಿಯಲು ಒಪ್ಪಿದ್ದಾರೆ.

ಹುಡುಗಿಯರ ವಿಷಯ ಯಾರಾದರೂ ಬಿಡಿಸಿ ಹೇಳುತ್ತೀರಾ? ಅಲ್ಲಿ ಎರಡೇ ಶೌಚಾಲಯ. ಸ್ನಾನಕ್ಕೆ ಜಾಗವೇ ಇಲ್ಲ. ಇಬ್ಬರು ಗೆಳತಿಯರು ಇದೇ ಕಾರಣಕ್ಕೆ ಬರಲ್ಲ ಅಂತಿದ್ದಾರೆ.

ಕಡಲ ಕಡೆಯವಳು

ಮಾರಾಯ್ತಿ, ಇದನ್ನು ಮೊದಲೇ ಕೇಳಬೇಕಿತ್ತು. ಕೇಳು.

ಸ್ನಾನಕ್ಕೆ ಬಿದಿರು ಅಥವಾ ಅಡಿಕೆ ಮರದ ನಾಲ್ಕು ಕಂಬ ನೆಟ್ಟು ತಾಡಪಾಲು ಕಟ್ಟಿಸು. ತೆಳು ಬಟ್ಟೆ ಬೇಡ, ಬೆಳಕು ಹಿಂದೆ ಬಿದ್ದರೆ ಎಲ್ಲ ಕಾಣುತ್ತದೆ. ಮೇಲೂ ಮುಚ್ಚಿಸು, ಪಕ್ಕದಲ್ಲಿ ಮರ ಅಥವಾ ತಾರಸಿ ಇದ್ದೇ ಇರುತ್ತೆ. ಕೆಳಗೆ ಎರಡು ಚಪ್ಪಡಿ ಕಲ್ಲು ಹಾಕಿಸು, ಇಲ್ಲದಿದ್ದರೆ ಎರಡನೇ ದಿನಕ್ಕೇ ಕೆಸರು. ಹುಡುಗಿಯರ ಸ್ನಾನ ಬೆಳಿಗ್ಗೆಯೇ ಆಗಬೇಕೆಂದಿಲ್ಲ. ಶ್ರಮದಾನ ಮುಗಿದ ಮೇಲೆ ಹೇಗೂ ಮೈಯೆಲ್ಲ ಮಣ್ಣು. ಅರ್ಧ ಜನಕ್ಕೆ ಆಗ ಸರದಿ ಕೊಡು. ಬೆಳಗಿನ ನೂಕುನುಗ್ಗಲು ಇರುವುದಿಲ್ಲ.

ಪ್ಯಾಡ್ ಒಂದು ಡಬ್ಬದಲ್ಲಿ ಇಟ್ಟು ಎಲ್ಲರಿಗೂ ಜಾಗ ಹೇಳು, ಯಾರೂ ಬಂದು ಕೇಳಬೇಕಾಗಬಾರದು. ಸುತ್ತಲು ಹಳೇ ದಿನಪತ್ರಿಕೆ, ಮುಚ್ಚಳದ ಬಕೆಟ್, ಅದನ್ನು ಏನು ಮಾಡುವುದು ಅಂತ ಮೊದಲೇ ತೀರ್ಮಾನ. ಪಂಚಾಯಿತಿಯ ಕಸದ ಗಾಡಿ ಬರುವುದಾದರೆ ಬೇರೆ ಚೀಲದಲ್ಲಿ ಕೊಡಿ. ಊರಿನ ತಿಪ್ಪೆಗೆ ಎಸೆದರೆ ನಾಯಿ ಎಳೆದು ತರುತ್ತದೆ, ಆಮೇಲೆ ಮಾತು ನಿಮ್ಮ ಮೇಲೇ. ಆ ದಿನಗಳಲ್ಲಿ ಯಾರಿಗಾದರೂ ಆಗದಿದ್ದರೆ ಗುದ್ದಲಿ ಬದಲು ವರದಿ ಬರೆಯುವ ಕೆಲಸ ಕೊಡು. ಕಾರಣ ಎಲ್ಲರೆದುರು ಕೇಳಬೇಡ.

ರಾತ್ರಿ ಶೌಚಾಲಯಕ್ಕೆ ಇಬ್ಬಿಬ್ಬರು, ಟಾರ್ಚ್ ಬಾಗಿಲ ಹತ್ತಿರ ನೇತುಹಾಕಿರಲಿ. ಹುಡುಗರು ಮಲಗುವ ಕೋಣೆಗೂ ನಿಮ್ಮದಕ್ಕೂ ನಡುವೆ ಮೇಡಂ ಕೋಣೆ ಇದ್ದರೆ ಒಳ್ಳೆಯದು.

ಇನ್ನೊಂದು. ಯಾರಾದರೂ ಬಂದು "ಅವನು ಹೀಗೆ ಮಾಡಿದ" ಅಂದರೆ ನೀನು ನ್ಯಾಯಾಧೀಶೆ ಆಗಬೇಡ. ಇಬ್ಬರನ್ನೂ ಎದುರು ನಿಲ್ಲಿಸಿ ರಾಜಿ ಮಾಡಿಸುವ ಕೆಲಸ ಬೇಡವೇ ಬೇಡ. ಕೇಳಿಸಿಕೋ, ಅವಳನ್ನು ಒಂಟಿ ಬಿಡಬೇಡ, ಮೇಡಂಗೆ ಹೇಳು. ಕಾಲೇಜಿನ ಆಂತರಿಕ ದೂರು ಸಮಿತಿ ಇರುವುದು ಇದಕ್ಕೇ, ಶಿಬಿರವೂ ಅದರ ವ್ಯಾಪ್ತಿಗೇ ಬರುತ್ತದೆ. ಹದಿನೆಂಟು ತುಂಬದವರ ವಿಷಯವಾದರೆ ಪೋಕ್ಸೋ ಕಾಯ್ದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಕಾಯ್ದೆ ಅದು. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಮುಚ್ಚಿಟ್ಟವರಿಗೂ ಶಿಕ್ಷೆ ಇದೆ. ಸಂಜೆ ಹಾಡು ಆಟ ಅಂತ ಊರಿನ ಮಕ್ಕಳು ನಿಮ್ಮ ಹತ್ತಿರ ಓಡಿ ಬರುತ್ತಾರೆ, ಅವರೂ ಇದರಲ್ಲಿ ಬಂದರು. ಮಕ್ಕಳ ಜೊತೆ ನಿಮ್ಮವರು ಯಾರೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಇದನ್ನು ಮೊದಲ ದಿನವೇ ಎಲ್ಲರಿಗೂ ಒಂದೇ ದನಿಯಲ್ಲಿ ಹೇಳಿಬಿಡು, ಯಾರ ಮೇಲೂ ಅನುಮಾನ ಅಂತ ಅನಿಸುವುದಿಲ್ಲ. ಮಕ್ಕಳ ಸಹಾಯವಾಣಿ 1098.

ಸ್ಕೌಟ್ ಮಾಸ್ತರ್

ಕಡಲ ಕಡೆಯವರು ಹೇಳಿದ ಕೊನೆಯ ನಿಯಮ ನಮ್ಮಲ್ಲೂ ಇದೆ. ಸ್ಕೌಟಿನಲ್ಲಿ ದೊಡ್ಡವರು ಮಗುವಿನ ಜೊತೆ ಒಂಟಿ ಇರಬಾರದು, ಮಕ್ಕಳ ಟೆಂಟಿನಲ್ಲಿ ಮಲಗಬಾರದು.

ತಂಡದ ಬಗ್ಗೆ ಮಾತ್ರ ಒಂದು ಭಿನ್ನಾಭಿಪ್ರಾಯ. ಹತ್ತು ಜನರ ತಂಡ ದೊಡ್ಡದಾಯಿತು. ನಾವು ಪಟ್ರೋಲ್ (ತುಕಡಿ) ಅನ್ನುತ್ತೇವೆ, ಆರರಿಂದ ಎಂಟು ಜನ. 1907ರಲ್ಲಿ ಸ್ಕೌಟ್ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದಾಗಲೂ ಹುಡುಗರನ್ನು ಸಣ್ಣ ತುಕಡಿಗಳಾಗಿಯೇ ಮಾಡಿದ್ದು. ಅಷ್ಟು ಸಣ್ಣ ಗುಂಪಾದರೆ ಒಬ್ಬ ಕೈ ಕಟ್ಟಿ ಕೂತರೂ ಗೊತ್ತಾಗುತ್ತದೆ. ಹತ್ತರಲ್ಲಿ ಮೂವರು ಆರಾಮಾಗಿ ಅಡಗುತ್ತಾರೆ. ದಾವಣಗೆರೆ ಹತ್ತಿರದ ಕೊಂಡಜ್ಜಿಯಲ್ಲಿ ನಮಗೆ ತರಬೇತಿ ಆಗುವಾಗ ಇದನ್ನೇ ತಲೆಗೆ ತುಂಬಿದ್ದು.

ಇನ್ನು ಲೆಕ್ಕ. ಎಲ್ಲಿಂದ ಎಲ್ಲಿಗೆ ಹೊರಟರೂ ತಲೆ ಎಣಿಸು. ಹೊರಡುವಾಗ, ತಲುಪಿದಾಗ, ವಾಪಸ್ ಹೊರಡುವಾಗ, ವಾಪಸ್ ತಲುಪಿದಾಗ. ತಂಡದ ನಾಯಕರು ಎಣಿಸಿ ನಿನಗೆ ಹೇಳಲಿ, ಆಮೇಲೆ ನೀನು ಕೂಡಿಸು.

ಹಳೇ ಸಲಿಕೆ

ಆರೆಂಟು ಜನರ ತಂಡ ಅಡುಗೆಗೆ ಸಾಲುವುದಿಲ್ಲ ಮಾಸ್ತರೇ. ಐವತ್ತು ಜನಕ್ಕೆ ತರಕಾರಿ ಹೆಚ್ಚುವುದು, ತೆಂಗಿನಕಾಯಿ ತುರಿಯುವುದು, ದೊಡ್ಡ ಪಾತ್ರೆ ಇಳಿಸುವುದು, ತೊಳೆಯುವುದು. ಹತ್ತು ಬೇಕು.

ಸ್ಕೌಟ್ ಮಾಸ್ತರ್

ಎರಡು ಪಟ್ರೋಲ್ ಕೂಡಿಸಿ ಅಡುಗೆಗೆ ಹಾಕಿ. ಮಾಡಬಹುದು.

ಹಳೇ ಸಲಿಕೆ

ಹೂಂ, ಅದು ಆಗುತ್ತೆ.

ನರ್ಸಮ್ಮ

ನಮ್ಮ ಆರೋಗ್ಯ ಕೇಂದ್ರಕ್ಕೆ ಶಿಬಿರದ ಹುಡುಗರು ಬರುವುದು ಮೂರು ಕಾರಣಕ್ಕೆ. ಅಂಗೈ ಬೊಬ್ಬೆ, ಬಿಸಿಲಿಗೆ ತಲೆಸುತ್ತು, ಹೊಟ್ಟೆ ಕೆಡುವುದು. ಮೂರನ್ನೂ ತಡೆಯಬಹುದು.

ಸಲಿಕೆ ಗುದ್ದಲಿ ಹಿಡಿದು ಅಭ್ಯಾಸ ಇಲ್ಲದವರಿಗೆ ಮೊದಲ ದಿನ ಅರ್ಧ ಗಂಟೆಗೊಮ್ಮೆ ಕೆಲಸ ಬದಲಿಸಿ. ಅಗೆದವರು ಬಾಂಡ್ಲಿ ಸಾಗಿಸಲಿ, ಸಾಗಿಸಿದವರು ಅಗೆಯಲಿ. ಬೊಬ್ಬೆ ಒಡೆಯಬೇಡಿ, ತೊಳೆದು ಬಟ್ಟೆ ಸುತ್ತಿ. ಶ್ರಮದಾನ ಬೇಗ ಶುರು ಮಾಡಿ ಹನ್ನೊಂದರ ಹೊತ್ತಿಗೆ ಮುಗಿಸಿದರೆ ಬಿಸಿಲಿನ ಕಾಟ ಕಡಿಮೆ. ತಿಂಡಿ ಬಿಟ್ಟು ಬಂದವರನ್ನು ಗುದ್ದಲಿ ಹತ್ತಿರ ಬಿಡಬೇಡಿ, ತಲೆ ಸುತ್ತಿ ಬೀಳುವವರಲ್ಲಿ ಅವರೇ ಜಾಸ್ತಿ. ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಿ, ಲೋಟಕ್ಕೆ ಚೂರು ಚೂರು ಉದುರಿಸಬೇಡಿ. ಕುಡಿಯುವ ನೀರು ಹಿಂದಿನ ರಾತ್ರಿ ಕುದಿಸಿ ಆರಿಸಿ. ಪಾತ್ರೆಗೆ ಕೈ ಅದ್ದಬಾರದು, ಉದ್ದ ಹಿಡಿಯ ಸೌಟು ಇರಲಿ.

ಹಾವು. ಶಾಲೆಯ ಹಿಂದೆ ಹಳೇ ಹೆಂಚು, ಕಟ್ಟಿಗೆ ರಾಶಿ ಇದ್ದೇ ಇರುತ್ತದೆ. ಬಂದ ದಿನವೇ ಉತ್ಸಾಹದಲ್ಲಿ ಅದಕ್ಕೆ ಬರಿಗೈ ಹಾಕಬೇಡಿ. ನೆಲದ ಮೇಲೆ ಮಲಗುವವರು ಗೋಡೆಗೆ ಒತ್ತಿಕೊಂಡು ಮಲಗಬೇಡಿ. ಕಟ್ಟುಹಾವು ರಾತ್ರಿ ಓಡಾಡುವ ಹಾವು, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಕಚ್ಚಿದರೆ ಹಗ್ಗ ಬಿಗಿಯುವುದು, ಕುಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಉಂಗುರ ಬಳೆ ತೆಗೆಯಿರಿ, ಆ ಕೈಕಾಲು ಅಲುಗಾಡದ ಹಾಗೆ ಇಟ್ಟು 108ಕ್ಕೆ ಕರೆ ಮಾಡಿ. ಹಾವು ಹಿಡಿದು ತೋರಿಸಬೇಕಾಗಿಲ್ಲ. ವಿಷಕ್ಕೆ ಔಷಧಿ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಅಂತ ಮೇಷ್ಟ್ರು ಹೇಳಿದ ಹಾಗೆ ಭೇಟಿಗೆ ಹೋದ ದಿನವೇ ಕೇಳಿಟ್ಟುಕೊಳ್ಳಿ. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು, ಅಷ್ಟು ಗಂಭೀರ ವಿಷಯ ಇದು.

ಮೂರನೇ ಬೆಂಚು

ಹತ್ತಿರ ಕೆರೆ ಇದ್ದರೆ ಸ್ನಾನದ ಸಮಸ್ಯೆಯೇ ಇಲ್ಲ, ಹುಡುಗರಂತೂ ಅಲ್ಲಿಗೇ ಹೋಗಬಹುದು. ನಮ್ಮಲ್ಲಿ ಎಲ್ಲರಿಗೂ ಈಜು ಬರುತ್ತೆ.

ಪಿಒ ಮೇಷ್ಟ್ರು

ಇಲ್ಲ. ಕೆರೆ, ಹೊಳೆ, ಕಲ್ಲು ಕ್ವಾರಿ, ಕಡಲು ಯಾವುದೂ ಇಲ್ಲ.

ಮೂರನೇ ಬೆಂಚು

ಅಷ್ಟೊಂದು ಹೆದರಿದರೆ ಶಿಬಿರ ಯಾಕೆ ಸರ್, ಮನೇಲೇ ಇರಬಹುದಲ್ಲ.

ಕಡಲ ಕಡೆಯವಳು

ತಮ್ಮಾ, ನಾನು ಕಡಲ ಪಕ್ಕ ಬೆಳೆದವಳು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ಹೋದರು. ಮಕ್ಕಳ ಜೊತೆ ಮೇಷ್ಟ್ರುಗಳು ಇದ್ದರು. ಈಜು ಬರುವವನು ಮುಳುಗುವುದು ಇನ್ನೊಬ್ಬನನ್ನು ಎಳೆಯಲು ಹೋದಾಗ. ಕೆರೆಯಲ್ಲಿ ಮಣ್ಣು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ. ಊರಿನ ಹುಡುಗರಿಗೆ ಅವು ಎಲ್ಲಿವೆ ಅಂತ ಗೊತ್ತು, ನಿಮಗೆ ಗೊತ್ತಿಲ್ಲ.

ಮೂರನೇ ಬೆಂಚು

ಸರಿ ಅಕ್ಕ. ಹಿಂದೆ ತಗೊಂಡೆ.

ಬಿಕಾಂ ಹುಡುಗಿ

ಶಾಲೆ ಹಿಂದೆ ನಿಜಕ್ಕೂ ಕೆರೆ ಇದೆ. ಭೇಟಿಗೆ ಹೋದಾಗ ನೋಡಿ ಬಂದೆ. ನಮ್ಮ ಹುಡುಗರು ಆಗಲೇ ಪ್ಲಾನ್ ಹಾಕುತ್ತಿದ್ದಾರೆ. ಕೆರೆ ಏರಿಗೆ ಸಂಜೆ ಒಬ್ಬರು ಕಾವಲು ಅಂತ ಸರದಿಯಲ್ಲೇ ಸೇರಿಸಿದೆ.

ಈಗ ಫೋನ್ ವಿಷಯ?

ಹಳೇ ಸಲಿಕೆ

ಕಿತ್ತಿಡಿ. ದಿನಕ್ಕೆ ಅರ್ಧ ಗಂಟೆ ಕೊಡಿ, ಮನೆಗೆ ಮಾತಾಡಲಿ.

ಕಡಲ ಕಡೆಯವಳು

ಹುಡುಗಿಯರ ಫೋನ್ ಕಿತ್ತಿಡಬಾರದು. ತೊಂದರೆಯಾದಾಗ ಮೊದಲು ಬೇಕಾಗುವುದು ಅದೇ.

ಮೂರನೇ ಬೆಂಚು

ಹುಡುಗರದ್ದು ಮಾತ್ರ ಕಿತ್ತಿಟ್ಟರೆ ಅದು ನ್ಯಾಯವಾ?

ಪಿಒ ಮೇಷ್ಟ್ರು

ಹತ್ತೊಂಬತ್ತರ ಮಕ್ಕಳ ಫೋನನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದರೆ, ಎರಡನೇ ಫೋನ್ ಚೀಲದಲ್ಲಿ ಇರುತ್ತದೆ. ನಾನು ಬಿಟ್ಟುಬಿಟ್ಟೆ. ಶ್ರಮದಾನ, ಉಪನ್ಯಾಸ, ಊಟ, ಈ ಮೂರು ಹೊತ್ತು ಫೋನ್ ಕೋಣೆಯಲ್ಲೇ ಇರಬೇಕು. ಸ್ನಾನದ ಕಡೆ, ಮಲಗುವ ಕಡೆ ಯಾರೂ ಫೋಟೋ ವಿಡಿಯೋ ತೆಗೆಯಬಾರದು, ತೆಗೆದರೆ ಅವತ್ತೇ ಮನೆಗೆ. ಊರಿನ ಮಕ್ಕಳ ಫೋಟೋ ಸ್ಟೇಟಸ್‌ಗೆ ಹಾಕಬಾರದು. ಇಷ್ಟೇ ನಿಯಮ.

ಊರಿನವನು

ಚಾರ್ಜಿಂಗಿಗೆ ಏನು ಮಾಡುತ್ತೀರಿ? ಶಾಲೆಯ ಎರಡು ಪ್ಲಗ್ಗಿಗೆ ಐವತ್ತು ಫೋನ್ ಹಾಕಿ ನಮ್ಮೂರ ಶಾಲೆ ವೈರು ಸುಟ್ಟಿತ್ತು. ಕರೆಂಟು ಬಿಲ್ಲು ಶಾಲೆಗೇ ಬರುತ್ತೆ, ಹೋಗುವಾಗ ಅದನ್ನೂ ಕೊಟ್ಟು ಹೋಗಿ.

ಸುಮ್ನೆ ಬಂದೆ

ಹೋಗುವಾಗ ಅಂದರೆ ನೆನಪಾಯಿತು. ಕೊನೆಯ ದಿನ ಅನಿಸಿಕೆ ಹೇಳುವಾಗ ಎಲ್ಲರೂ ಅಳುತ್ತಾರೆ. ಜಗಳ ಆಡಿದವರೇ ಜಾಸ್ತಿ ಅಳುತ್ತಾರೆ. ಆ ಹೊತ್ತಿಗೆ ಬಾಡಿಗೆಯ ಪಾತ್ರೆ ಎಣಿಸುವವರು ಒಬ್ಬರೂ ಇರುವುದಿಲ್ಲ. ನಾಯಕಿ ಅಳುವ ಮುಂಚೆ ಪಾತ್ರೆ ಎಣಿಸಿಬಿಡಲಿ.

ಕೇರಿಯಿಂದ

ಮತ್ತೆ ಒಂದು ತಿಂಗಳು ಬಿಟ್ಟು ಒಂದು ಭಾನುವಾರ ನಾಲ್ಕು ಜನ ವಾಪಸ್ ಹೋಗಿ ಬನ್ನಿ. ಮಾಡಿದ ಕೆಲಸ ಉಳಿದಿದೆಯಾ ನೋಡಿ. ನಮ್ಮೂರಿಗೆ ಯಾರೂ ಬರಲಿಲ್ಲ.

ಬಿಕಾಂ ಹುಡುಗಿ

ಹೋಗುತ್ತೇವೆ ಅಣ್ಣಾ. ಈಗಲೇ ಡೈರಿಯಲ್ಲಿ ಬರೆದೆ.

ಬರಲ್ಲ ಅಂದಿದ್ದ ಇಬ್ಬರಲ್ಲಿ ಒಬ್ಬಳು ತಾಡಪಾಲಿನ ಕಥೆ ಕೇಳಿ ಒಪ್ಪಿದ್ದಾಳೆ. ಇನ್ನೊಬ್ಬಳ ಮನೆಯಲ್ಲಿ ಅಪ್ಪ ಬೇಡ ಅಂದಿದ್ದಾರೆ, ಕನ್ನಡ ಮೇಡಂ ಫೋನ್ ಮಾಡುತ್ತೇನೆ ಅಂದಿದ್ದಾರೆ. ಆರು ತಂಡ ಮಾಡಿದೆ, ಮಾಸ್ತರ್ ಹೇಳಿದ ಹಾಗೆ ತಂಡಕ್ಕೆ ಎಂಟು. ಮಿಕ್ಕ ಇಬ್ಬರು ನಾನು ಮತ್ತು ಹುಡುಗರ ಕಡೆಯ ನಾಯಕ. ಸರದಿಯ ಹಾಳೆಯನ್ನು ಅವನ ಕೈಯಲ್ಲೇ ಬರೆಸಿದೆ. ಈಗ ಅದನ್ನು ಕಾಯುವುದು ಅವನ ಕೆಲಸ! ಶೌಚಾಲಯಕ್ಕೆ ಮೊದಲ ದಿನ ನಾವಿಬ್ಬರೂ ಮೊದಲ ತಂಡದ ಜೊತೆ ಸೇರುತ್ತೇವೆ.

ಉಳಿದದ್ದು ಒಂದೇ ಪ್ರಶ್ನೆ. ಅಕ್ಕಿ ಎಷ್ಟು ಒಯ್ಯಬೇಕು? ಸರ್ "ಅಂದಾಜು ಹಾಕು" ಅಂದರು. ನನಗೆ ನಾಲ್ಕು ಜನಕ್ಕೆ ಅನ್ನ ಇಡುವುದಷ್ಟೇ ಗೊತ್ತು.

ಹಳೇ ಸಲಿಕೆ

ಶ್ರಮದಾನ ಮಾಡಿದ ಹೊಟ್ಟೆಗೆ ಒಂದು ಊಟಕ್ಕೆ ತಲೆಗೆ 150 ಗ್ರಾಂ ಅಕ್ಕಿ ಹಿಡಿ. ಐವತ್ತು ಜನಕ್ಕೆ ಏಳೂವರೆ ಕೇಜಿ. ಎರಡು ಹೊತ್ತಿಗೆ 15, ಏಳು ದಿನಕ್ಕೆ 105. ಜೊತೆಗೆ ಬರುವ ಅಧ್ಯಾಪಕರು, ಅತಿಥಿಗಳು, ಊಟದ ಹೊತ್ತಿಗೇ ಬರುವ ಹಳೇ ವಿದ್ಯಾರ್ಥಿಗಳು (ನನ್ನಂಥವರು) ಸೇರಿ 125 ಇರಲಿ. ರಾತ್ರಿ ಮುದ್ದೆ ಅಥವಾ ಚಪಾತಿ ಮಾಡುವುದಾದರೆ ಕಡಿಮೆ ಸಾಕು, ಆದರೆ ಐವತ್ತು ಜನಕ್ಕೆ ಚಪಾತಿ ಲಟ್ಟಿಸುವ ಹುಚ್ಚು ಬೇಡ. ಗ್ಯಾಸ್ ಸಿಲಿಂಡರ್ ಒಂದು ಹೆಚ್ಚಿಗೆ ಇರಲಿ, ಅದು ಮುಗಿಯುವುದು ರಾತ್ರಿ ಎಂಟು ಗಂಟೆಗೇ.

ಊರಿನವನು

ಸೊಪ್ಪು ತರಕಾರಿ ಪೇಟೆಯಿಂದ ಹೊತ್ತುಕೊಂಡು ಹೋಗಬೇಡಮ್ಮ, ಊರಲ್ಲೇ ಕೊಂಡುಕೋ. ನಾಲ್ಕು ಮನೆಗೆ ದುಡ್ಡೂ ಆಗುತ್ತೆ, ನಾಲ್ಕು ಮನೆಯವರ ಪರಿಚಯವೂ ಆಗುತ್ತೆ. ಯಾವ ಊರು ಅಂತ ಹೇಳಿಲ್ಲ ನೀನು, ನಮ್ಮ ಕಡೆಯೇ ಆದರೆ ಹುರುಳಿಕಾಳು ನಾನೇ ಕೊಡಿಸುತ್ತೇನೆ.